ಮೊದಲು ಹಾಲ್, ಆಮೇಲೆ ಸ್ಪೀಕರ್

ಮುಂಬಯಿಯಲ್ಲಿ ದೊಡ್ಡ ಹಾಲ್ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಅದಿರುವುದು ಒಂದೋ ಮಾಟುಂಗಾ, ದಾದರ್ ಕಡೆಯ ಹಳೆಯ ಕಟ್ಟಡಗಳ ಎತ್ತರದ ಚಾವಣಿಯ ಮನೆಗಳಲ್ಲಿ, ಇಲ್ಲವೇ ಮುಲುಂಡ್, ಕಾಂದಿವಲಿ, ಪೊವಾಯಿಗಳ ಹೊಸ ಟವರ್‌ಗಳಲ್ಲಿ ನಡುಗೋಡೆ ಒಡೆದು ಮಾಡಿಕೊಂಡ ಜೋಡಿ ಫ್ಲ್ಯಾಟ್‌ಗಳಲ್ಲಿ. ಹಳೆಯ ಮನೆಗೆ ಮೊಸಾಯಿಕ್ ನೆಲ, ಹೊಸದಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ಮಾರ್ಬಲ್. ಒರೆಸುವುದಕ್ಕೆ ಸುಲಭ, ಸೆಖೆಗೆ ತಂಪು. ಸಂಗೀತಕ್ಕೆ ಮಾತ್ರ ಈ ನೆಲ ಒಗ್ಗುವುದಿಲ್ಲ. ಇಂಥ ಹಾಲ್‌ಗೆ ಸ್ಪೀಕರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಹಾಕುವ ಲೆಕ್ಕ ಒಂದೇ: ಕೋಣೆ ದೊಡ್ಡದು, ಆದ್ದರಿಂದ ಸ್ಪೀಕರೂ ದೊಡ್ಡದಿರಲಿ, ವ್ಯಾಟ್ ಜಾಸ್ತಿ ಇರಲಿ. ಈ ಲೆಕ್ಕ ಅರ್ಧ ಸರಿ. ಉಳಿದರ್ಧ ತಪ್ಪುವುದರಿಂದಲೇ ಲಕ್ಷ ರೂಪಾಯಿ ಸುರಿದ ಮನೆಯಲ್ಲೂ ಸಿನಿಮಾದ ಸಂಭಾಷಣೆ ತಿಳಿಯದೆ ಸಬ್‌ಟೈಟಲ್ ಓದಬೇಕಾಗುತ್ತದೆ, ಭಾವಗೀತೆಯ ರಾಗ ಕೇಳಿಸಿದರೂ ಸಾಹಿತ್ಯ ಕಲಸಿಹೋಗುತ್ತದೆ. ಗಟ್ಟಿ ನೆಲದ ಹಾಲ್‌ನಲ್ಲಿ ನಾವು ಕೇಳುವುದರಲ್ಲಿ ಸ್ಪೀಕರಿನ ಪಾಲಿಗಿಂತ ಕೋಣೆಯ ಪಾಲೇ ಹೆಚ್ಚು. ಹಾಗಾಗಿ ಮೊದಲ ಖರ್ಚು ಕೋಣೆಗೆ ಸಲ್ಲಬೇಕು. ಆಮೇಲೆ ಸ್ಪೀಕರನ್ನು ಆರಿಸುವಾಗ ಗಾತ್ರಕ್ಕಿಂತ ಮುಂಚೆ ನೋಡಬೇಕಾದದ್ದು ಅದು ಶಬ್ದವನ್ನು ಸುತ್ತ ಹೇಗೆ ಹರಡುತ್ತದೆ ಎನ್ನುವುದನ್ನು.

ಈ ವಿಚಾರಕ್ಕೆ ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನಲ್ಲಿ ಹೊಸದಾಗಿ ಕಟ್ಟಿಸಿದ ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಪದ ಅಡಗಲು ಐದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ 1895ರಲ್ಲಿ ವ್ಯಾಲೇಸ್ ಸಬೀನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಅವರು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಮೆತ್ತೆ ಹೆಚ್ಚಿದಂತೆ ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಹುಟ್ಟಿದ ಸೂತ್ರ ಸರಳವಾದದ್ದು: ಕೋಣೆಯ ಘನ ಮೀಟರ್ ಅಳತೆಯನ್ನು 0.161ರಿಂದ ಗುಣಿಸಿ, ಅದರಲ್ಲಿರುವ ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಅನುರಣನದ ಅವಧಿ, ಅಂದರೆ ದನಿ ಅಡಗಲು ಹಿಡಿಯುವ ಹೊತ್ತು, ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರುವಿಕೆಗೆ ಸಬೀನ್ ಇಟ್ಟುಕೊಂಡ ಮಾನ ತೆರೆದ ಕಿಟಕಿ. ಅದರಿಂದ ಹೊರಹೋದ ಶಬ್ದ ಹಿಂತಿರುಗುವುದಿಲ್ಲವಲ್ಲ!

ಈ ಸೂತ್ರವನ್ನು 20 ಅಡಿ ಉದ್ದ, 15 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಹಾಲ್‌ಗೆ ಹಚ್ಚಿ ನೋಡೋಣ. ಅದರ ಗಾತ್ರ ಸುಮಾರು 80 ಘನ ಮೀಟರ್. ಟೈಲ್ಸ್, ಪ್ಲಾಸ್ಟರ್ ಮಾಡಿದ ಗೋಡೆ, ಗಾಜು ಇವೆಲ್ಲ ಮಾತಿನ ಶ್ರುತಿಗಳಲ್ಲಿ ತಮ್ಮ ಮೇಲೆ ಬಿದ್ದ ಶಬ್ದದ ಶೇಕಡಾ ಎರಡು ಮೂರರಷ್ಟನ್ನು ಮಾತ್ರ ಹೀರಿ ಉಳಿದದ್ದನ್ನು ವಾಪಸು ಕೊಡುತ್ತವೆ. ನೆಲ, ಚಾವಣಿ, ಗೋಡೆ ಎಲ್ಲ ಸೇರಿಸಿದರೂ ಹೀರುವಿಕೆ 4 ಚದರ ಮೀಟರ್ ತೆರೆದ ಕಿಟಕಿಯನ್ನು ಮೀರದು. ಅಂದರೆ ಖಾಲಿ ಹಾಲ್‌ನಲ್ಲಿ ದನಿ ಅಡಗಲು ಮೂರು ಸೆಕೆಂಡು ಬೇಕು. ಚಪ್ಪಾಳೆ ತಟ್ಟಿದರೆ ಕೇಳಿಸುವ ‘ಟರ್ರ್’ ಎಂಬ ಸದ್ದು ಇದೇ. ಬಟ್ಟೆಯ ಸೋಫಾ, ನೆರಿಗೆ ತುಂಬಿದ ದಪ್ಪ ಪರದೆ, ನಡುವೆ ಒಂದು ದಪ್ಪ ರಗ್, ಪುಸ್ತಕದ ಕಪಾಟು, ನಾಲ್ಕು ಜನ ಸೇರಿದಾಗ ಹೀರುವಿಕೆ 20ಕ್ಕೇರಿ, ಅವಧಿ 0.65 ಸೆಕೆಂಡಿಗೆ ಇಳಿಯುತ್ತದೆ. ಸಂಗೀತ, ಮಾತು ಎರಡೂ ಸಹ್ಯವಾಗಿ ಕೇಳಿಸಲು ಮನೆಯ ಕೋಣೆಯಲ್ಲಿ ಇಷ್ಟರ ಆಸುಪಾಸಿಗೆ, ಸಾಧ್ಯವಾದರೆ ಇನ್ನೂ ಕೆಳಗೆ ಬರಬೇಕು. ಈ ಬದಲಾವಣೆಯಲ್ಲಿ ಸ್ಪೀಕರಿನ ಪಾತ್ರ ಸೊನ್ನೆ ಎಂಬುದನ್ನು ಗಮನಿಸಬೇಕು. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 1980ರಲ್ಲಿ ತೆರೆದ ಟಾಟಾ ಥಿಯೇಟರಿಗೆ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಜೊತೆ ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಕೆಲಸ ಮಾಡಿದ್ದರು. ಅಲ್ಲಿ ಕೊಠಡಿಯನ್ನೇ ವಾದ್ಯದಂತೆ ಶ್ರುತಿಗೊಳಿಸಿದರು. ಮನೆಯಲ್ಲಿ ಅಷ್ಟು ಆಗದಿದ್ದರೂ ಕ್ರಮ ಅದೇ ಇರಬೇಕು.

ಇಷ್ಟು ಸಜ್ಜುಗೊಳಿಸಿದ ಹಾಲ್‌ನಲ್ಲೂ ಸ್ಪೀಕರಿನಿಂದ ಒಂದು, ಒಂದೂಕಾಲು ಮೀಟರ್ ದಾಟಿದ ಮೇಲೆ ನೇರ ದನಿಗಿಂತ ಗೋಡೆ, ನೆಲ, ಚಾವಣಿಗಳಿಂದ ಮರಳಿದ ದನಿಯದೇ ಮೇಲುಗೈ. ಸೋಫಾ ಇರುವುದೋ ಮೂರು ಮೀಟರ್ ದೂರದಲ್ಲಿ. ಆದ್ದರಿಂದ ಸ್ಪೀಕರ್ ತನ್ನ ಎದುರಿಗೆ ಏನು ನುಡಿಯುತ್ತದೆ ಎಂಬಷ್ಟೇ ಮುಖ್ಯ, ಪಕ್ಕಕ್ಕೂ ಮೇಲಕ್ಕೂ ಏನನ್ನು ಚೆಲ್ಲುತ್ತದೆ ಎಂಬುದು. ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಹೆಸರು, ಬೆಲೆ ಯಾವುದನ್ನೂ ಹೇಳದೆ ಕೇಳುಗರಿಂದ ಅಂಕ ಹಾಕಿಸಿದರು. ಎದುರಿನ ದನಿ ಸಮತಟ್ಟಾಗಿದ್ದು, ಪಕ್ಕಕ್ಕೆ ಹೋಗುವ ದನಿಯೂ ಅದೇ ಬಣ್ಣ ಉಳಿಸಿಕೊಂಡು ನಯವಾಗಿ ಇಳಿಯುವ ಸ್ಪೀಕರುಗಳೇ ಹೆಚ್ಚು ಅಂಕ ಪಡೆದವು. ಮೆತ್ತನೆಯ ಕೋಣೆ ಪಕ್ಕದ ದನಿಯ ದೋಷವನ್ನು ಅಷ್ಟಿಷ್ಟು ನುಂಗಿಕೊಂಡೀತು; ಟೈಲ್ಸ್ ಹಾಕಿದ ಹಾಲ್ ಅದನ್ನು ಹತ್ತು ಸಲ ಓದಿ ಹೇಳುತ್ತದೆ. ಹಾಗಾಗಿ ತಾರಸ್ಥಾಯಿಯ ದನಿ ನುಡಿಸುವ ಟ್ವೀಟರಿನ ಸುತ್ತ ಆಳವಿಲ್ಲದ ಬಟ್ಟಲಿನಂಥ ವೇವ್‌ಗೈಡ್ ಇರುವ, ಎಲ್ಲ ಕೋನಗಳ ಅಳತೆಯನ್ನೂ ಪ್ರಕಟಿಸಿರುವ ಸ್ಪೀಕರಿಗೆ ಮೊದಲ ಆದ್ಯತೆ ಕೊಡಬೇಕು. ಸಂಭಾಷಣೆಯನ್ನು ಹೊರುವ ಸೆಂಟರ್ ಸ್ಪೀಕರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಡ್ಡಡ್ಡಲಾಗಿ ಎರಡು ವೂಫರ್, ನಡುವೆ ಒಂದೇ ಟ್ವೀಟರ್ ಇರುವ ಮಾದರಿಯಲ್ಲಿ ಎರಡು ವೂಫರುಗಳ ದನಿ ಪಕ್ಕದ ಕೋನಗಳಲ್ಲಿ ಒಂದನ್ನೊಂದು ಅಳಿಸುತ್ತದೆ. ಸೋಫಾದ ತುದಿಯಲ್ಲಿ ಕೂತ ಅಜ್ಜಿಗೆ ಮಾತು ಮಂಕಾಗಿ ಕೇಳುವುದು ಇದರಿಂದಲೇ. ಟ್ವೀಟರಿನ ಕೆಳಗೇ ಸಣ್ಣ ಮಿಡ್‌ರೇಂಜ್ ಇರುವ ಮೂರು ದಾರಿಯ ಸೆಂಟರ್ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ದೊಡ್ಡ ಹಾಲ್‌ಗೆ ಟವರ್ ಸ್ಪೀಕರ್ ಬೇಡವೇ ಎಂಬ ಪ್ರಶ್ನೆ ಏಳುವುದು ಸಹಜ. ಜೋರಿನ ವಿಚಾರದಲ್ಲಿ ಅದಕ್ಕೆ ಬಲವಿದೆ: ಒಂದು ವ್ಯಾಟಿಗೆ 90 ಡೆಸಿಬೆಲ್ ಕೊಡುವ ಟವರಿನ ಮಟ್ಟ ಮುಟ್ಟಲು 87 ಡೆಸಿಬೆಲ್‌ನ ಬುಕ್‌ಶೆಲ್ಫ್ ಸ್ಪೀಕರಿಗೆ ಎರಡರಷ್ಟು ವಿದ್ಯುತ್ತು ಬೇಕು. ಆದರೆ ಮನೆಯಲ್ಲಿ ಹಿತವಾಗಿ ಕೇಳುವ ಮಟ್ಟಕ್ಕೆ ಕೆಲವೇ ವ್ಯಾಟು ಸಾಕು. ಉಳಿದದ್ದೆಲ್ಲ ತಮಟೆ, ಚಂಡೆಯಂಥ ಹಠಾತ್ ಪೆಟ್ಟುಗಳಿಗೆ ಬೇಕಾಗುವ ಮೀಸಲು. ಬೇಸ್‌ನ ವಿಚಾರದಲ್ಲಂತೂ ಮುಂಬಯಿಯ ಕಾಂಕ್ರೀಟು ಟವರ್ ಸ್ಪೀಕರಿನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ವಿದೇಶೀ ವಿಮರ್ಶೆಗಳು ಬರುವುದು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದ ಮನೆಗಳಿಂದ. ಆ ಗೋಡೆಗಳು ತಾವೇ ಅದುರಿ ಒಂದಿಷ್ಟು ಬೇಸನ್ನು ಹೀರುತ್ತವೆ. ಆರ್‌ಸಿಸಿ ಗೋಡೆ ಅದನ್ನು ಅಷ್ಟಾಗಿ ಹೊರಗೆ ಬಿಡುವುದಿಲ್ಲ, ಹೆಚ್ಚು ಹೀರುವುದೂ ಇಲ್ಲ. ಮೇಲಿನ ಅಳತೆಯ ಹಾಲ್‌ನಲ್ಲಿ 28, 37, 59 ಹರ್ಟ್ಸ್‌ಗಳ ಸುತ್ತ ಬೇಸ್ ಗುಂಯ್‌ಗುಟ್ಟುತ್ತದೆ. ಟವರನ್ನು ಟೀವಿಯ ಅಕ್ಕಪಕ್ಕ ಬಿಟ್ಟು ಬೇರೆಡೆ ಇಡುವಂತಿಲ್ಲ. ಅದರ ಬೇಸ್ ಕೂಡ ಅಲ್ಲೇ ಸಿಕ್ಕಿಬೀಳುತ್ತದೆ. ಬುಕ್‌ಶೆಲ್ಫ್ ಜೋಡಿಗೆ ಪ್ರತ್ಯೇಕ ಸಬ್‌ವೂಫರ್ ಸೇರಿಸಿದರೆ ಮಾತಿನ ಸ್ಪೀಕರನ್ನು ಮಾತಿಗೆ ಒಪ್ಪುವ ಕಡೆ, ಬೇಸನ್ನು ಅದು ಹದವಾಗಿ ಹರಡುವ ಕಡೆ ಇಡಬಹುದು. 80 ಹರ್ಟ್ಸ್ ಕೆಳಗಿನ ಭಾರ ಸಬ್‌ವೂಫರಿಗೆ ಹೋದ ಮೇಲೆ ಸಣ್ಣ ಸ್ಪೀಕರೂ ನಿರಾಳವಾಗಿ ನುಡಿಯುತ್ತದೆ. ರಾತ್ರಿ ಹತ್ತಕ್ಕೆ ಸಬ್‌ವೂಫರನ್ನಷ್ಟೇ ಇಳಿಸಿ ಸಿನಿಮಾ ಮುಂದುವರಿಸಬಹುದು. 2000ರ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಕೆಳಮನೆಯವರ ಚಾವಣಿಯನ್ನು ನಡುಗಿಸುವುದು ಬೇಸೇ ಹೊರತು ಮಾತಲ್ಲ.

ಇನ್ನೆರಡು ಆಕ್ಷೇಪಗಳಿವೆ. ಸ್ಪೀಕರುಗಳನ್ನು ನಡೆಸುವ ರಿಸೀವರಿನ ಮೈಕ್ ಇಟ್ಟು ಅಳೆದರೆ ಅದೇ ಎಲ್ಲ ಸರಿಪಡಿಸುತ್ತದಲ್ಲ ಎಂಬುದು ಮೊದಲನೆಯದು. ಅದು ಬೇಸಿನ ಉಬ್ಬುಗಳನ್ನು ತಗ್ಗಿಸುತ್ತದೆ ನಿಜ, ಅಷ್ಟಕ್ಕೆ ಬಳಸಲೇಬೇಕು. ಆದರೆ ಮೂರು ಸೆಕೆಂಡಿನ ಅನುರಣನವನ್ನು ಅರ್ಧ ಸೆಕೆಂಡಿಗೆ ಇಳಿಸುವುದು, ಪಕ್ಕಕ್ಕೆ ಚೆಲ್ಲುವ ದನಿಯನ್ನು ತಿದ್ದುವುದು ಯಾವ ಸಾಫ್ಟ್‌ವೇರಿನಿಂದಲೂ ಆಗದು. ಎರಡನೆಯದು ಮುಂಬಯಿಯದೇ ಆದ ಆಕ್ಷೇಪ: ಮಳೆಗಾಲದಲ್ಲಿ ಕಾರ್ಪೆಟ್ ಬೂಸ್ಟು ಹಿಡಿಯುತ್ತದೆ, ಧೂಳು ತುಂಬುತ್ತದೆ, ದಿನವೂ ನೆಲ ಒರೆಸಲು ಅಡ್ಡಿ. ಈ ಮಾತು ನಿಜ, ಆದರೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಬೇಕೆಂದು ಯಾರೂ ಹೇಳುತ್ತಿಲ್ಲ. ಸ್ಪೀಕರ್ ಮತ್ತು ಸೋಫಾಗಳ ನಟ್ಟನಡುವೆ ದನಿ ನೆಲಕ್ಕೆ ಬಡಿದು ಪುಟಿಯುವ ಜಾಗದಲ್ಲಿ ಸುತ್ತಿಡಬಹುದಾದ ದಪ್ಪ ರಗ್ ಇದ್ದರೆ ಬಹಳ ಕೆಲಸವಾಗುತ್ತದೆ. ನವಲಗುಂದದ ಜಮಖಾನೆಯನ್ನೂ ಹಾಸಬಹುದು. ತೆಳು ಹತ್ತಿ ಬಟ್ಟೆ ತಾರಸ್ಥಾಯಿಯ ದನಿಯನ್ನಷ್ಟೇ ಹೀರುವುದರಿಂದ ಅದರಡಿ ಫೆಲ್ಟ್ ಇರಬೇಕು. ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಿ, ಸೋಫಾದಲ್ಲಿ ಕೂತವರಿಗೆ ಅದರಲ್ಲಿ ಟ್ವೀಟರ್ ಕಾಣುವ ಜಾಗಕ್ಕೆ ಪುಸ್ತಕದ ಕಪಾಟನ್ನೋ ಪರದೆಯನ್ನೋ ತಂದರೆ ಅರ್ಧ ಕೆಲಸ ಮುಗಿಯಿತು. ಇದೇ ಹವೆಯ ಕಾರಣಕ್ಕೆ ಸ್ಪೀಕರಿನಲ್ಲೂ ಒಂದು ಪರೀಕ್ಷೆ ಬೇಕು: ಕೋನಿನ ಅಂಚಿನ ಸುತ್ತು ಫೋಮಿನದಾಗಿದ್ದರೆ ತೇವಕ್ಕೆ ಕೆಲವೇ ವರ್ಷಗಳಲ್ಲಿ ಉದುರುತ್ತದೆ, ರಬ್ಬರಿನದೇ ಇರಲಿ.

ಕೊನೆಗೆ ಅಂಗಡಿಯ ಮಾತು. ಲ್ಯಾಮಿಂಗ್ಟನ್ ರಸ್ತೆಯ ಕೌಂಟರಿನಲ್ಲಿ ಕೇಳುವುದಕ್ಕೂ, ಕಾರ್ಪೆಟ್ ಹಾಸಿ ಗೋಡೆಗೆ ಮೆತ್ತೆ ಹೊದಿಸಿದ ಶೋರೂಮಿನ ಡೆಮೋಗೂ ನಮ್ಮ ಹಾಲ್‌ಗೂ ಸಂಬಂಧ ಕಡಿಮೆ. ಅಲ್ಲಿ ಸ್ಪೀಕರನ್ನು ಎದುರು ಕೂತು ಕೇಳುವುದರ ಜೊತೆಗೆ ಎದ್ದು ಪಕ್ಕಕ್ಕೆ ಹೋಗಿ ನಿಂತೂ ಕೇಳಬೇಕು. ಪರಿಚಿತ ಗಾಯಕರ ಕನ್ನಡ ಭಾವಗೀತೆಯೊಂದರ ಸಕಾರ, ಚಕಾರಗಳು ಆ ಕೋನದಲ್ಲೂ ಚುಚ್ಚದೆ, ಮಂಕಾಗದೆ ಬಂದರೆ ಆ ಜೋಡಿಯನ್ನು ಪಟ್ಟಿಯಲ್ಲಿಡಬಹುದು. ಒಂದು ಲಕ್ಷದ ಬಜೆಟ್ ಇದ್ದರೆ ಅದರ ಕಾಲು ಭಾಗವನ್ನು ಪರದೆ, ರಗ್‌ಗಳಿಗೆ ಮೀಸಲಿಟ್ಟು, ಅವುಗಳನ್ನು ಹಾಕಿಸಿದ ಮೇಲೆಯೇ ಸ್ಪೀಕರಿಗೆ ಹೊರಡುವುದು ಜಾಣತನ. ಹಾಲ್ ಸರಿಹೋದ ಮೇಲೆ ಹಲವರಿಗೆ ತಮ್ಮ ಹಳೆಯ ಸ್ಪೀಕರೇ ಇನ್ನೈದು ವರ್ಷಕ್ಕೆ ಸಾಕೆನ್ನಿಸಬಹುದು. ಆಗ ಉಳಿದ ಮುಕ್ಕಾಲು ಭಾಗ ಬ್ಯಾಂಕಿನಲ್ಲೇ ಇರಲಿ.