ಮಿಕ್ಕ ಕೋಳಿ, ಮಿಕ್ಕ ಅನ್ನ: ಎಲ್ಲರಿಗೂ ಒಂದೇ ಸೌಟು

ಬಾಡೂಟ ಮುಗಿದ ಮನೆಯಲ್ಲಿ ಎರಡು ಪಾತ್ರೆ ಮಾತ್ರ ಪೂರ್ತಿ ಖಾಲಿ ಆಗೋದಿಲ್ಲ. ಒಂದರಲ್ಲಿ ಕೋಳಿಯ ಬೆನ್ನು, ಕತ್ತು, ಪಕ್ಕೆಲುಬು, ರೆಕ್ಕೆಯ ತುದಿ. ಇನ್ನೊಂದರಲ್ಲಿ ಅನ್ನ. ತೊಡೆ, ಎದೆಯ ತುಂಡುಗಳು ಮೊದಲ ಪಂಕ್ತಿಯಲ್ಲೇ ಮುಗಿದಿರುತ್ತವೆ. ಮಿಕ್ಕಿದ್ದು ಬೆಳಗಾದರೆ ನಾಯಿಗೆ, ಇಲ್ಲವೇ ತಿಪ್ಪೆಗೆ. ನಮ್ಮ ಮನೆಯಲ್ಲಿ ಈ ಎರಡನ್ನೂ ಸೇರಿಸಿ ಗಟ್ಟಿ ಸೂಪು ಮಾಡುತ್ತೇವೆ. ಪೇಟೆ ಹೋಟೆಲಿನಲ್ಲಿ ಕೆನೆ ಹಾಕಿ ಮಾಡುವ ಸೂಪಿನಷ್ಟೇ ನುಣುಪಾಗಿರುತ್ತದೆ. ಆದರೆ ಇದಕ್ಕೆ ಕೆನೆಯೂ ಬೇಡ, ಮೈದಾಹಿಟ್ಟೂ ಬೇಡ.

ನಮ್ಮದು ಹೊಸದುರ್ಗ ಸೀಮೆ. ಮಳೆ ನಂಬಿದ ಬೇಸಾಯ. ಸಾಮೆ, ರಾಗಿ, ಶೇಂಗಾ, ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಹಿತ್ತಲಲ್ಲಿ ಹತ್ತು ಹದಿನೈದು ನಾಟಿ ಕೋಳಿ. ಹದ್ದು, ಮುಂಗುಸಿ, ಕೊಕ್ಕರೆ ರೋಗ ಎಲ್ಲಾ ದಾಟಿ ಒಂದು ಹುಂಜ ಐದಾರು ತಿಂಗಳು ಬದುಕಿ ಒಂದೂವರೆ ಕಿಲೋ ತೂಗಬೇಕಾದರೆ ಎಷ್ಟು ಕಾವಲು ಬೇಕು ಅನ್ನೋದು ಸಾಕಿದವರಿಗೆ ಗೊತ್ತು. ಅಂಥ ಕೋಳಿಯಲ್ಲಿ ಕಡಿಮೆ ಅಂದರೂ ಕಾಲು ಪಾಲು ಮೂಳೆಯೇ. ಅದನ್ನು ಎಸೆದರೆ ಆರು ತಿಂಗಳ ಸಾಕಣೆಯಲ್ಲಿ ಕಾಲು ಪಾಲು ಎಸೆದ ಹಾಗೆ.

ಅನ್ನದ ಮಾತೂ ಅಷ್ಟೇ. ನಾನು ಸಣ್ಣವಳಿದ್ದಾಗ ನಮ್ಮ ಕಡೆ ನೆಲ್ಲಕ್ಕಿ ಅನ್ನ ಅಂದರೆ ಹಬ್ಬಕ್ಕೆ, ನೆಂಟರಿಗೆ. ಮಿಗುವ ಪ್ರಶ್ನೆಯೇ ಇರಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲೂ ದಿನಾ ಅನ್ನದ ಪಾತ್ರೆ ಒಲೆಗೇರುತ್ತದೆ, ದಿನಾ ಒಂದೆರಡು ಹಿಡಿ ಮಿಗುತ್ತದೆ.

ಕೊನೆಯ ಪಂಕ್ತಿ

ಈ ಸೂಪು ಮಾಡೋದಕ್ಕೆ ಉಳಿತಾಯ ಒಂದೇ ಕಾರಣ ಅಲ್ಲ. ಬಾಡೂಟದ ದಿನ ಮೊದಲು ನೆಂಟರು, ಆಮೇಲೆ ಗಂಡಸರು, ಮಕ್ಕಳು. ಕೊನೆಗೆ ಒಲೆ ಮುಂದೆ ಬೆಂದವರು. ಅವರು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಮಸಾಲೆ, ಮೂಳೆ. ಇದು ನಮ್ಮ ಮನೆ ಒಂದರದ್ದಲ್ಲ, ಓದುವ ಅಕ್ಕ ತಂಗಿಯರಿಗೆಲ್ಲ ಗೊತ್ತಿರೋದೇ. ಇನ್ನು ಹಲ್ಲಿಲ್ಲದ ಮುದುಕರು. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ನಾಟಿ ಕೋಳಿ ತುಂಡು ಅವರ ಬಾಯಲ್ಲಿ ಅತ್ತಿಂದಿತ್ತ ಹೊರಳುತ್ತದೆಯೇ ವಿನಾ ನುರಿಯೋದಿಲ್ಲ. ಸಾರಿನಲ್ಲಿ ನಾಲ್ಕು ತುತ್ತು ಮುದ್ದೆ ನುಂಗಿ ಎದ್ದುಬಿಡುತ್ತಾರೆ.

ತುಂಡಿನ ಲೆಕ್ಕದಲ್ಲಿ ಬಡಿಸಿದರೆ ಯಾರಿಗೆ ಎಷ್ಟು ಅನ್ನೋದು ಬಡಿಸುವವರ ಕೈಯಲ್ಲಿರುತ್ತದೆ. ಮಾಂಸ ಬಿಡಿಸಿ, ನುರಿದು ಸೂಪಿಗೆ ಹಾಕಿದರೆ ತುಂಡೇ ಇಲ್ಲ. ಯಜಮಾನರಿಗೂ ಅದೇ ಸೌಟು, ಸೊಸೆಗೂ ಅದೇ ಸೌಟು, ಅತ್ತೆಗೂ ಅದೇ. ಆಳಿಗೂ ಅದೇ.

ಮೂಳೆ ಸೂಪು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಅನ್ನೋ ಮಾತು ಊರೂರಲ್ಲಿದೆ. ಮೂಳೆಯಿಂದ ನೀರಿಗೆ ಇಳಿಯುವ ಸುಣ್ಣದಂಶ ಬಹಳ ಕಡಿಮೆ. ಸುಣ್ಣದಂಶ ಬೇಕಾದರೆ ನಮ್ಮ ರಾಗಿಯೇ ಮೇಲು, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಇದೆ. ಸೂಪಿನ ಬಲ ಇರೋದು ಅದರೊಳಗೆ ಹಾಕಿದ ಮಾಂಸದಲ್ಲಿ, ಶೇಂಗಾದಲ್ಲಿ. ಆದ್ದರಿಂದ ಬರೀ ತಿಳಿ ನೀರು ಸೋಸಿ ಕೊಟ್ಟು "ಸೂಪು ಕೊಟ್ಟೆವು" ಅನ್ನಬೇಡಿ.

ಮೊದಲು ಗಡಿಯಾರ, ಆಮೇಲೆ ಒಲೆ

ರುಚಿಗಿಂತ ಮೊದಲು ನೋಡಬೇಕಾದ್ದು ಹೊತ್ತು. ವರ್ಷತೊಡಕು ಬರೋದೇ ಬಿರುಬಿಸಿಲಿನಲ್ಲಿ. ಬೆಂದ ಕೋಳಿಯಾಗಲಿ, ಅನ್ನವಾಗಲಿ ಉಗುರು ಬೆಚ್ಚಗೆ ಕೂತಷ್ಟೂ ಕೆಡುತ್ತದೆ. ಸಾಮಾನ್ಯ ದಿನಗಳಲ್ಲಿ 2 ಗಂಟೆ, ಸೆಕೆ 32 ಡಿಗ್ರಿ ದಾಟಿದ ದಿನ 1 ಗಂಟೆ. ಅದಕ್ಕಿಂತ ಹೆಚ್ಚು ಹಾಗೇ ಬಿಡಬಾರದು. ಒಂದೋ ಕೈ ಸುಡುವಷ್ಟು ಬಿಸಿ ಇರಬೇಕು, ಇಲ್ಲ ಫ್ರಿಜ್ಜಿನ ತಣ್ಣಗೆ ಇರಬೇಕು.

ಅನ್ನದ ವಿಷಯ ಇನ್ನೂ ಸೂಕ್ಷ್ಮ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಸೂಕ್ಷ್ಮಜೀವಿ ಬೆಳೆಯುತ್ತದೆ. ಅದರ ಬೀಜಕಣ ಅಕ್ಕಿ ಬೆಂದರೂ ಸಾಯೋದಿಲ್ಲ. ಅನ್ನ ಬೆಚ್ಚಗೆ ಕೂತಾಗ ಮೊಳೆತು ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗೋದಿಲ್ಲ. ವಾಸನೆಯಲ್ಲೂ ಗೊತ್ತಾಗೋದಿಲ್ಲ. "ಚೆನ್ನಾಗಿ ಕುದಿಸಿದರೆ ಎಲ್ಲಾ ಸರಿ ಹೋಗುತ್ತದೆ" ಅನ್ನೋ ನಂಬಿಕೆ ಅನ್ನಕ್ಕೆ ನಡೆಯೋದಿಲ್ಲ. ಸಂಜೆವರೆಗೆ ಮೂಲೆಯಲ್ಲಿ ಕೂತ ಅನ್ನವನ್ನು ಸೂಪಿಗೆ ಹಾಕಲೇಬೇಡಿ.

ತಂಗಳನ್ನ ತಿಂದೇ ನಾವು ಬೆಳೆದಿಲ್ಲವೇ ಅಂತ ಕೇಳಬಹುದು. ಅದು ನೀರು, ಮಜ್ಜಿಗೆ ಹಾಕಿ ಹುಳಿ ಬರಿಸಿದ ಅನ್ನ, ಅದರ ದಾರಿಯೇ ಬೇರೆ. ಆ ಹುಳಿ ಅನ್ನ ಸೂಪಿಗೆ ಹೊಂದೋದೂ ಇಲ್ಲ.

ಫ್ರಿಜ್ಜು ಇಲ್ಲದ ಮನೆಯವರು ಹೀಗೆ ಮಾಡಿ. ಮಧ್ಯಾಹ್ನದ ಕೊನೆಯ ಪಂಕ್ತಿ ಏಳುತ್ತಿದ್ದ ಹಾಗೆ ಮೂಳೆಗಳನ್ನು ನೀರಿಗೆ ಹಾಕಿ ಒಲೆಗೇರಿಸಿ. ಬಿಡಿಸಿದ ಮಾಂಸವೂ ಒಂದು ಕುದಿ ಕಂಡು ಒಲೆಯ ಮೇಲೆ ಬಿಸಿಯಾಗೇ ಇರಲಿ. ಅನ್ನದ ಪಾತ್ರೆಯನ್ನು ಮುಚ್ಚಿ ಕೆಂಡದ ಮೇಲೆ ಬಿಸಿಯಾಗಿಡಿ. ಆಗದಿದ್ದರೆ ಒಂದು ಹಿಡಿ ಅಕ್ಕಿ ಹೊಸದಾಗಿ ಬೇಯಿಸಿಕೊಳ್ಳಿ, ನಷ್ಟವಿಲ್ಲ. ಮಧ್ಯಾಹ್ನ ಬಾಡೂಟ ಉಂಡವರಿಗೆ ರಾತ್ರಿ ಮುದ್ದೆ ಸೇರೋದಿಲ್ಲ. ಸೂಪು ಹಿತವಾಗಿರುತ್ತದೆ.

ಫ್ರಿಜ್ಜು ಇರುವವರು ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಒಳಗಿಡಿ. ಮಾರನೇ ದಿನವೇ ಮುಗಿಸಿ. ಕೋಳಿ ಮೂರು ದಿನ ತಡೆಯುತ್ತದೆ. ನಮ್ಮ ಹಳ್ಳಿಗಳ ಕರೆಂಟಿನ ಕಥೆ ಹೇಳಬೇಕಾಗಿಲ್ಲ. ಬಾಗಿಲು ತೆಗೆಯದೆ ಇದ್ದರೆ 4 ಗಂಟೆ ಒಳಗಿನ ತಂಪು ಇರುತ್ತದೆ. ಅದಕ್ಕೂ ಹೆಚ್ಚು ಕರೆಂಟು ಹೋದರೆ ಆ ಕೋಳಿ, ಅನ್ನ ಬಿಟ್ಟುಬಿಡಿ.

ಮೂಳೆ ತೆಗೆದಿಡುವ ಕ್ರಮ

ತಟ್ಟೆಯಲ್ಲಿ ಕಚ್ಚಿ ಬಿಟ್ಟ ಎಂಜಲು ಮೂಳೆ ಇದಕ್ಕೆ ಖಂಡಿತ ಬೇಡ. ಕೆಂಡದ ಮೇಲೆ ಸುಟ್ಟ ಕೋಳಿಯನ್ನು ಬಡಿಸುವ ಮುಂಚೆಯೇ ತೊಡೆ, ಎದೆ ಬಿಡಿಸಿಕೊಂಡು, ಬೆನ್ನು, ಪಕ್ಕೆಲುಬು, ಕತ್ತು ಬೇರೆ ಪಾತ್ರೆಗೆ ಹಾಕಿ. ಮೂಳೆಗೆ ಅಂಟಿದ ಮಾಂಸವನ್ನು ಬೆರಳಲ್ಲೇ ಬಿಡಿಸಿ. ಜೊತೆಗೆ ಎದೆಯ ಒಂದೆರಡು ತುಂಡನ್ನೂ ಮೊದಲೇ ತೆಗೆದಿಟ್ಟರೆ ಒಂದು ಲೋಟ ನುರಿದ ಮಾಂಸ ಆಗುತ್ತದೆ. ಕಪ್ಪಗೆ ಕರಿದ ಚರ್ಮ ಕೆರೆದು ತೆಗೆಯಿರಿ, ಬಿಟ್ಟರೆ ಸೂಪು ಕಹಿ.

ಬೇಯಿಸೋದು

ಲೋಟ ಅಂದರೆ ಇಲ್ಲಿ ಕಾಲು ಲೀಟರಿನ ಲೋಟ. ಒಂದು ಕೋಳಿಯ ಮೂಳೆಗೆ 8 ಲೋಟ ನೀರು. ದಪ್ಪ ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ, ಹದಿನೈದು ಕಾಳು ಮೆಣಸು, ಚಿಟಿಕೆ ಅರಿಶಿನ. ಕೊತ್ತಂಬರಿ ದಂಟು ಎಸೆಯಬೇಡಿ, ಅದೂ ಇಲ್ಲಿಗೇ. ಉಪ್ಪು ಈಗ ಬೇಡ. ಸುಡುವಾಗ ಸವರಿದ ಉಪ್ಪು ಮೂಳೆಯಲ್ಲೇ ಇರುತ್ತದೆ.

ಒಂದು ಕುದಿ ಬಂದ ಮೇಲೆ ಸೌದೆ ಹಿಂದಕ್ಕೆಳೆಯಿರಿ. ಸಣ್ಣ ಉರಿಯಲ್ಲಿ ಗುಳು ಗುಳು ಅಂತಿರಲಿ. ನಾಟಿ ಕೋಳಿಗೆ ಒಂದೂವರೆ ಗಂಟೆ. ಗಿರಿರಾಜ, ಸ್ವರ್ಣಧಾರ ತಳಿಯಾದರೆ ಒಂದು ಗಂಟೆ. ಪೇಟೆಯಿಂದ ಬಂದ ಬಾಯ್ಲರ್ ಕೋಳಿಗೆ ಮುಕ್ಕಾಲು ಗಂಟೆ ಸಾಕು. ಕುಕ್ಕರಿನಲ್ಲಾದರೆ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. 5ರಿಂದ 6 ಲೋಟ ಸಾರ ಉಳಿಯಬೇಕು.

ಈಗ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಇಲ್ಲಿ ಅವಸರ ಮಾಡಬೇಡಿ. ಕೋಳಿಯ ಸಣ್ಣ ಮೂಳೆ ಚೂರು ಮುದುಕರ, ಮಕ್ಕಳ ಗಂಟಲಿಗೆ ಸಿಕ್ಕರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ನಾವು ಎರಡು ಸಲ ಸೋಸುತ್ತೇವೆ, ಎರಡನೇ ಸಲ ತೆಳು ಬಟ್ಟೆಯಲ್ಲಿ.

ಅನ್ನವೇ ಕೆನೆ

5 ಲೋಟ ಸಾರಕ್ಕೆ ಒಂದೂವರೆ ಲೋಟ ಅನ್ನ. ಅದರಲ್ಲಿ ಒಂದು ಲೋಟವನ್ನು ಸ್ವಲ್ಪ ಸಾರ ಹಾಕಿಕೊಂಡು ಒರಳಲ್ಲೋ ಮಿಕ್ಸಿಯಲ್ಲೋ ನುಣ್ಣಗೆ ರುಬ್ಬಿ. ಎರಡೂ ಇಲ್ಲದಿದ್ದರೆ ಕಡಗೋಲಿನಲ್ಲಿ ಕಡೆದರೂ ಆಗುತ್ತದೆ. ಮಿಕ್ಕ ಅರ್ಧ ಲೋಟ ಅನ್ನ ಹಾಗೇ ಇರಲಿ, ಅಗಿಯೋದಕ್ಕೆ ಸಿಗುತ್ತದೆ. ಅತ್ತೆಯಂಥವರಿಗೆ ಪೂರ್ತಿ ರುಬ್ಬಿ.

ರುಬ್ಬಿದ್ದನ್ನು ಸಾರಕ್ಕೆ ಬಿಟ್ಟು ಹತ್ತು ಹನ್ನೆರಡು ನಿಮಿಷ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಅನ್ನದ ಪಿಷ್ಟ ಸಾರದ ನೀರು ಹೀರಿ ಉಬ್ಬಿಕೊಂಡು, ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಕೆನೆ ಹಾಕಿದ ಹಾಗೆ ಕಾಣೋದು. ಕೈ ಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಇಡೀ ಪಾತ್ರೆ ಸೀದ ವಾಸನೆ. ಆಮೇಲೆ ನುರಿದ ಮಾಂಸ ಹಾಕಿ. ಮಾಂಸ ಹಾಕಿದ ಮೇಲೆ ಐದು ನಿಮಿಷ ಚೆನ್ನಾಗಿ ಕೊತ ಕೊತ ಕುದಿಯಲೇಬೇಕು. ಈಗ ರುಚಿ ನೋಡಿ ಉಪ್ಪು.

ಶೇಂಗಾ, ಕಾಯಿ ಹಾಲು, ದನದ ಹಾಲು

ನಮ್ಮ ಕಡೆ ಹಿರಿಯರು ಬಾಡಿಗೆ ಹಾಲು ಸೇರಿಸೋದಿಲ್ಲ. ಅವರ ಮನಸ್ಸು ನೋಯಿಸಿ ಅಡುಗೆ ಮಾಡಬೇಕಾಗಿಲ್ಲ. ಹೊಲದ ಶೇಂಗಾ ಇದೆ. ಒಂದು ಹಿಡಿ, ಅಂದರೆ 50 ಗ್ರಾಂನಷ್ಟು ಬೀಜ ಹದವಾಗಿ ಹುರಿದು, ಸಿಪ್ಪೆ ಹಾರಿಸಿ, ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ ಬೆಣ್ಣೆಯ ಹಾಗೆ ಅರೆಯಿರಿ. ಅದನ್ನು ನೇರ ಹಾಕಿದರೆ ಗಂಟು. ಒಂದು ಸೌಟು ಸಾರದಲ್ಲಿ ಕದಡಿಕೊಂಡು ಹಾಕಿ. ಶೇಂಗಾದಲ್ಲಿ ಕಾಲು ಭಾಗ ಪ್ರೋಟೀನು, ಸೂಪಿನ ಬಲವೂ ಹೆಚ್ಚಿತು. ಶೇಂಗಾ ಮೈಗೆ ಆಗದವರು ಮನೆಯಲ್ಲಿದ್ದರೆ ಇದನ್ನು ಬಿಟ್ಟುಬಿಡಿ.

ತೆಂಗು ಇರುವವರು ಅರ್ಧ ಕಾಯಿಯ ಹಾಲು ಹಾಕಬಹುದು. ಹಾಲು ಒಪ್ಪುವ ಮನೆಯವರು ಕೊನೆಯಲ್ಲಿ ಒಂದು ಲೋಟ ಕಾಯಿಸಿದ ಹಾಲು ಸೇರಿಸಿ ಉರಿ ತಗ್ಗಿಸಿ. ಹಾಲು ಹಾಕಿದ ಸೂಪಿಗೆ ನಿಂಬೆಹುಳಿ ಹಿಂಡಬೇಡಿ, ಒಡೆಯುತ್ತದೆ. ಶೇಂಗಾ ಹಾಕಿದ್ದಕ್ಕೆ ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಚೆನ್ನ. ಮೇಲೆ ಮೆಣಸಿನ ಪುಡಿ, ಕೊತ್ತಂಬರಿ. ಇದು ಆರು ಜನಕ್ಕೆ ಸಾಕು.

ಸಾಮೆ ಅನ್ನವೂ ಆಗುತ್ತದೆ

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಕರೆಯಿತು. ಪೇಟೆಯವರು ಸಾಮೆ, ನವಣೆ ಕೊಂಡು ಉಣ್ಣುತ್ತಿದ್ದಾರೆ. ಬೆಳೆದ ನಾವು ಮಾರಿ ರೇಷನ್ ಅಕ್ಕಿ ಉಣ್ಣುತ್ತಿದ್ದೇವೆ. ಅದು ಬೇರೆ ದಿನದ ಮಾತು. ಮಿಕ್ಕಿದ್ದು ಸಾಮೆ ಅನ್ನವಾದರೆ ಅದೇ ಅಳತೆಯಲ್ಲಿ ರುಬ್ಬಿ ಹಾಕಿ, ನುಣ್ಣಗೇ ಬರುತ್ತದೆ. ನವಣೆ ಕೊಂಚ ತರಿ ತರಿ. ನಮ್ಮ ಮಕ್ಕಳಿಗೆ ಅದೇ ಇಷ್ಟ. ಎರಡೂ ಆರುತ್ತಾ ಗಟ್ಟಿಯಾಗುತ್ತವೆ, ಅರ್ಧ ಲೋಟ ಸಾರ ಹೆಚ್ಚಿಗೆ ಇಟ್ಟುಕೊಂಡಿರಿ. ಹೊತ್ತಿನ ನಿಯಮ ಮಾತ್ರ ಎಲ್ಲ ಅನ್ನಕ್ಕೂ ಒಂದೇ.

ಜ್ವರದಿಂದ ಎದ್ದವರಿಗೆ, ಬಾಯಿ ಸಪ್ಪೆಯಾದವರಿಗೆ ಈ ಸೂಪು ಇಳಿಯುತ್ತದೆ. ಬಿ.ಪಿ. ಇರುವವರಿಗೆ ಉಪ್ಪು ಹಾಕುವ ಮುಂಚೆಯೇ ಬೇರೆ ತೆಗೆದಿಡಿ. ಮಾಡಿದ ಸೂಪು ಮಿಕ್ಕರೆ ಅದನ್ನು ಇನ್ನೊಂದು ದಿನಕ್ಕೆ ಇಡೋದು ಬೇಡ. ಮಿಕ್ಕಿದ್ದರಿಂದ ಮಾಡಿದ್ದು ಮತ್ತೆ ಮಿಗಬಾರದು.

ಸೋಸಿದ ಮೂಳೆಗೂ ಕೆಲಸವಿದೆ

ಬೆಂದ ಕೋಳಿ ಮೂಳೆ ನಾಯಿಗೆ ಹಾಕಬೇಡಿ. ಅದು ಚೂಪಾಗಿ ಸೀಳುತ್ತದೆ, ನಾಯಿಯ ಗಂಟಲು, ಕರುಳಿಗೆ ಚುಚ್ಚುತ್ತದೆ. ನಾವು ಒಲೆಯ ಕೆಂಡಕ್ಕೆ ಹಾಕುತ್ತೇವೆ. ಬೆಳಗ್ಗೆ ಹೊತ್ತಿಗೆ ಬೆಳ್ಳಗಾಗಿ ಕೈಯಲ್ಲೇ ಪುಡಿಯಾಗುತ್ತದೆ. ಅದರಲ್ಲಿ ಸುಣ್ಣ, ರಂಜಕ ಇರುತ್ತದೆ. ನಿಂಬೆ, ನುಗ್ಗೆ ಬುಡದಲ್ಲಿ ಸಗಣಿ ಗೊಬ್ಬರದ ಜೊತೆ ಬೆರೆಸಿ ಮುಚ್ಚಿದರೆ ನಿಧಾನವಾಗಿ ಮಣ್ಣಿಗೆ ಸೇರುತ್ತದೆ. ಒಂದು ಕೋಳಿಯ ಬೂದಿ ಒಂದೇ ಹಿಡಿ, ಅದರಿಂದ ಫಸಲು ಇಮ್ಮಡಿ ಆಗೋದಿಲ್ಲ. ಆದರೆ ಎಸೆಯೋದಕ್ಕೆ ಏನೂ ಉಳಿಯೋದಿಲ್ಲ.

ನಾನು 7ನೇ ತರಗತಿವರೆಗೆ ಓದಿದವಳು. ಅಳತೆಗಳನ್ನು ನಮ್ಮ ಒಲೆಯಲ್ಲಿ ಮಾಡಿ ನೋಡಿಯೇ ಬರೆದಿದ್ದೇನೆ. ನಿಮ್ಮ ಒಲೆ, ನಿಮ್ಮ ಪಾತ್ರೆಗೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಮುಂದಿನ ಬಾಡೂಟಕ್ಕೆ ಮೂಳೆ ಪಾತ್ರೆ ಒಂದು ಬೇರೆ ಇಟ್ಟುಕೊಳ್ಳಿ. ಸೂಪು ಬಡಿಸುವಾಗ ಒಲೆ ಮುಂದೆ ನಿಂತವರಿಗೆ ಮೊದಲ ಬಟ್ಟಲು ಕೊಡಿ. ಅಣ್ಣಂದಿರೇ, ಈ ಕೊನೆಯ ಮಾತು ನಿಮಗೆ.