ಹತ್ತಕ್ಕೆ ಎಷ್ಟು ಬಂತು?

ನಮ್ಮ ಸಂಘದ ಮನೆಗಳಲ್ಲಿ ಮಕ್ಕಳನ್ನು ಭರತನಾಟ್ಯಕ್ಕೆ, ಪಿಟೀಲಿಗೆ, ಸ್ಪೆಲಿಂಗ್ ಸ್ಪರ್ಧೆಗೆ ಕಾರಿನಲ್ಲಿ ಹೊತ್ತು ತಿರುಗುವುದು ಹೊಸದೇನಲ್ಲ. ಈಚೆಗೆ ಆ ಪಟ್ಟಿಗೆ ಜಿಮ್ನಾಸ್ಟಿಕ್ಸ್ ಕೂಡ ಸೇರಿದೆ. ಹೋದ ಯುಗಾದಿ ಊಟದ ಹೊತ್ತಿನಲ್ಲಿ ಮೂವರು ತಾಯಂದಿರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕ್ಲಾಸಿಗೆ ಹೋಗುತ್ತಿದ್ದ ಮಗುವನ್ನು ಈಗ ಟೀಮಿಗೆ ಸೇರಿಸಿ ಎನ್ನುತ್ತಿದ್ದಾರಲ್ಲ, ಸೇರಿಸೋಣವೇ?" ಇದು ಸಂಪಾದಕರ ಕಿವಿಗೂ ಬಿತ್ತು. ಅದರ ಫಲ ಈ ಲೇಖನ. ನನ್ನ ಮಗಳಿಗೆ ಒಂಬತ್ತು ವರ್ಷ, ಟೀಮಿನಲ್ಲಿ ಇದು ಎರಡನೆಯ ವರ್ಷ. ನಾನು ಜಿಮ್ನಾಸ್ಟಿಕ್ಸ್ ಬಲ್ಲವಳಲ್ಲ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಂಡದ್ದನ್ನೂ ಓದಿದ್ದನ್ನೂ ಹೇಳುತ್ತೇನೆ.

ಮೊದಲು ಆಟದ ವಿಚಾರ. ಹುಡುಗಿಯರಿಗೆ ನಾಲ್ಕು ಸಾಧನಗಳು: ವಾಲ್ಟ್, ಎತ್ತರ ತಗ್ಗಿನ ಎರಡು ಬಾರ್‌ಗಳು, ಬೀಮ್ ಮತ್ತು ಫ್ಲೋರ್. ಹುಡುಗರಿಗೆ ಆರು. ಬೀಮ್ ಎಂದರೆ 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ದೂಲ. ನಮ್ಮ ಅಂಗೈಗಿಂತ ಸ್ವಲ್ಪವೇ ಅಗಲ ಎನ್ನಿ. ದೊಡ್ಡವರ ಸ್ಪರ್ಧೆಯಲ್ಲಿ ಅದು ನೆಲದಿಂದ 1.25 ಮೀಟರ್ ಎತ್ತರದಲ್ಲಿರುತ್ತದೆ. ಅಮೆರಿಕದಲ್ಲಿ ಮಕ್ಕಳನ್ನು ಹತ್ತು ಹಂತಗಳಾಗಿ ವಿಂಗಡಿಸಿದ್ದಾರೆ. ಆರಂಭದ ಹಂತಗಳಲ್ಲಿ ಎಲ್ಲರೂ ಅದೇ ವರಸೆಗಳನ್ನು ಅದೇ ಕ್ರಮದಲ್ಲಿ ಮಾಡಬೇಕು. ಸಂಗೀತ ಪಾಠದಲ್ಲಿ ಸರಳೆ ವರಸೆ, ಜಂಟಿ ವರಸೆ ಇದ್ದ ಹಾಗೆ. ಮನೋಧರ್ಮಕ್ಕೆ ಅವಕಾಶ ಬರುವುದು ಆಮೇಲೆ.

ಇನ್ನು ಅಂಕಗಳು. ಈ ಹಂತಗಳಲ್ಲಿ ಪ್ರತಿ ಮಗುವೂ ಹತ್ತರಿಂದ ಆರಂಭಿಸುತ್ತದೆ. ಮಂಡಿ ಬಾಗಿದರೆ 0.3ರವರೆಗೆ ಕಳೆಯುತ್ತಾರೆ, ಬಿದ್ದರೆ 0.5. ಇಳಿದಾಗ ಒಂದು ಹೆಜ್ಜೆ ಹೆಚ್ಚು ಇಟ್ಟರೂ ಕಳೆಯುತ್ತಾರೆ. ಒಟ್ಟಿನಲ್ಲಿ ಜಡ್ಜುಗಳ ಕೆಲಸವೆಲ್ಲ ವ್ಯವಕಲನ.

ಮೊದಲ ಮೀಟ್ ಮುಗಿದ ರಾತ್ರಿ ಮೈಸೂರಿನಿಂದ ನಮ್ಮ ಮಾವನವರ ಫೋನು.

"ಹತ್ತಕ್ಕೆ ಎಷ್ಟು ಬಂತು ಪುಟ್ಟಿ?"

"ಬೀಮ್‌ಗೆ ಎಂಟು ಪಾಯಿಂಟ್ ಏಳು, ತಾತ."

"ಭೇಷ್! ಮಿಕ್ಕ ಒಂದು ಪಾಯಿಂಟ್ ಮೂರು ಎಲ್ಲಿ ಹೋಯಿತು?"

ಅವರು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಪ್ರೀತಿಯಿಂದಲೇ ಕೇಳಿದರು, ಮಗಳೂ ನಕ್ಕಳು. ಆದರೆ ಆ ಪ್ರಶ್ನೆ ನಮ್ಮೆಲ್ಲರ ಮನೆಯದು. ತೊಂಬತ್ತೆಂಟು ತಂದ ಮಗುವನ್ನು ಇನ್ನೆರಡರ ಲೆಕ್ಕ ಕೇಳಿ ಬೆಳೆಸಿದ ಜನ ನಾವು. ಶಾಲೆಯ ಲೆಕ್ಕದಲ್ಲಿ ಇದರಿಂದ ಅಷ್ಟೇನೂ ಕೆಡುಕಾಗಲಿಲ್ಲವೇನೋ. ಜಿಮ್ನಾಸ್ಟಿಕ್ಸ್‌ನಲ್ಲಿ ಹಾಗಲ್ಲ. ಇಲ್ಲಿ ಕಳೆಯುವುದಕ್ಕೆಂದೇ ಸಂಬಳ ಪಡೆದ ಜಡ್ಜುಗಳು ಕುಳಿತಿರುತ್ತಾರೆ. ತಿದ್ದುವುದಕ್ಕೆ ಕೋಚ್ ಇದ್ದಾರೆ. ಮನೆಯವರೂ ಕಳೆಯುವ ಕೆಲಸಕ್ಕೇ ನಿಂತರೆ ಮಗುವಿನ ಮೈಯನ್ನೂ ಮನಸ್ಸನ್ನೂ ನೋಡಿಕೊಳ್ಳುವವರು ಯಾರು?

ಹತ್ತರ ಈ ಮೋಹಕ್ಕೆ ಒಂದು ಚರಿತ್ರೆಯಿದೆ. 1976ರ ಜುಲೈ 18ರಂದು ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾದಿಯಾ ಕೊಮನೇಚಿ, 14 ವರ್ಷದ ಹುಡುಗಿ, ಪೂರ್ತಿ ಹತ್ತು ಪಡೆದಳು. ಅಂಕಫಲಕದಲ್ಲಿ ಹತ್ತು ತೋರಿಸುವ ಏರ್ಪಾಡೇ ಇಲ್ಲದೆ 1.00 ಎಂದು ಮೂಡಿತು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತರ ಆ ಮಿತಿಯನ್ನು 2006ರಲ್ಲಿ ತೆಗೆದುಹಾಕಿದರು. ಕಿರಿಯರಿಗೆ ಮಾತ್ರ ಇಲ್ಲಿ ಇನ್ನೂ ಹತ್ತೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾವು ನಡೆಯುವವರು, ಮೈಯ ಭಾರ ನಮ್ಮ ಕಾಲಿನ ಮೇಲೆ. ಜಿಮ್ನಾಸ್ಟ್ ಮಕ್ಕಳಿಗೆ ಅದು ಕೈಯ ಮೇಲೂ ಬೀಳುತ್ತದೆ. ಬೆಳೆಯುವ ಮಗುವಿನ ಮೂಳೆಯ ತುದಿಯಲ್ಲಿ ಒಂದು ಮೃದುವಾದ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಸುತ್ತಲಿನ ಮೂಳೆಗಿಂತ ಅದು ದುರ್ಬಲ. ದಿನವೂ ಅಂಗೈಯೂರಿ ಲಾಗ ಹಾಕುವ ಮಗುವಿನ ಮಣಿಕಟ್ಟಿನಲ್ಲಿ ಆ ಪದರಕ್ಕೆ ಪೆಟ್ಟಾಗಬಹುದು. ವಿಶ್ರಾಂತಿ ಕೊಡದೆ ಹಾಗೆಯೇ ಮುಂದುವರಿಸಿದರೆ ಮೂಳೆಯ ಬೆಳವಣಿಗೆಯೇ ಏರುಪೇರಾಗುವ ಸಂಭವವುಂಟು.

ಹೋದ ಚಳಿಗಾಲದಲ್ಲಿ ಮೀಟ್‌ಗೆ ಒಂಬತ್ತು ದಿನವಿದ್ದಾಗ ನಮ್ಮ ಮಗಳು "ಅಮ್ಮಾ, ಇಲ್ಲಿ ಒತ್ತಿದರೆ ನೋಯುತ್ತೆ" ಎಂದು ಮಣಿಕಟ್ಟು ತೋರಿಸಿದಳು. ಎಕ್ಸ್‌ರೇ ಆಯಿತು. ಆರು ವಾರ ಕೈಯ ಮೇಲೆ ಭಾರ ಹಾಕಕೂಡದು ಎಂದರು ಡಾಕ್ಟರು. ಮೀಟ್ ತಪ್ಪಿತು, ಕಟ್ಟಿದ ಹಣವೂ ಹೋಯಿತು. ಕೋಚ್ ಗೊಣಗಲಿಲ್ಲ. ಆ ಆರು ವಾರ ಅವಳಿಗೆ ಕಾಲಿನ ಮತ್ತು ಹೊಟ್ಟೆಯ ವ್ಯಾಯಾಮ ಮಾಡಿಸಿದರು. ಅದೇ ಸುಮಾರಿಗೆ ಜೊತೆಯ ಹುಡುಗಿಯೊಬ್ಬಳು ಹಿಮ್ಮಡಿಯ ನೋವನ್ನು ಒಂದು ತಿಂಗಳು ಮುಚ್ಚಿಟ್ಟಿದ್ದಳೆಂದು ಗೊತ್ತಾಯಿತು. ಏಕೆಂದು ಕೇಳಿದರೆ, "ಹೇಳಿದ್ದರೆ ಮೀಟ್‌ಗೆ ಬಿಡುತ್ತಿರಲಿಲ್ಲವಲ್ಲ" ಎಂದಳಂತೆ. ಟೀಮಿಗೆ ಸೇರಿಸುವುದೋ ಬೇಡವೋ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ನೋವಾದರೆ ನಿಮ್ಮ ಮಗು ನಿಮಗೆ ಹೇಳುತ್ತದೆ ಎಂಬ ಭರವಸೆಯಿದ್ದರೆ ಸೇರಿಸಿ. ಆ ಭರವಸೆ ಹುಟ್ಟುವುದೂ ಕೆಡುವುದೂ ಮೀಟ್ ಮುಗಿಸಿ ಕಾರು ಹತ್ತಿದಾಗ ನಾವು ಕೇಳುವ ಮೊದಲ ಪ್ರಶ್ನೆಯಿಂದ.

ಯಾವ ನೋವಿಗೆ ಹೆದರಬೇಕು? ಮಾಂಸಖಂಡ ನೊಂದರೆ ಅದು ಹರಡಿಕೊಂಡಿರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು, ಕೀಲಿನ ನೋವು, ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ಬರುವ ನೋವು, ಇವು ಡಾಕ್ಟರ ಬಳಿ ಹೋಗತಕ್ಕವು. ಅರಿಶಿನದ ಪಟ್ಟು ಹಾಕಿ ಕಾಯುವಂಥವಲ್ಲ.

ಊಟದ ವಿಷಯದಲ್ಲಿ ಹಿರಿಯರಿಗೆ ಒಂದು ವಿನಂತಿ. "ಸಣ್ಣಗಿದ್ದೀಯ, ಅದಕ್ಕೇ ಚೆನ್ನಾಗಿ ಹಾರುತ್ತೀಯ" ಎಂದು ಮೆಚ್ಚುಗೆಗೂ ಹೇಳಬೇಡಿ. ಕಸರತ್ತಿಗೆ ತಕ್ಕಷ್ಟು ಉಣ್ಣದ ಮಕ್ಕಳಲ್ಲಿ ಮೂಳೆ ಬಲಹೀನವಾಗುತ್ತದೆ, ಹೆಣ್ಣುಮಕ್ಕಳು ಮೈನೆರೆಯುವುದು ತಡವಾಗಬಹುದು. ನಮ್ಮ ಅಡುಗೆಮನೆಯಲ್ಲಿ ಬೇಕಾದುದೆಲ್ಲ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಬೇಳೆ, ಕಾಳು, ಮೊಸರು ಇದ್ದೇ ಇವೆ. ಮೀಟ್ ದಿನ ನಾವು ಕೊಡುವುದು ಮೊಸರನ್ನ. ಚಿತ್ರಾನ್ನದ ಡಬ್ಬಿ ಸ್ಪರ್ಧೆ ಮುಗಿದ ಮೇಲೆ ತೆರೆಯುತ್ತದೆ, ಟೀಮಿನ ಅರ್ಧ ಮಕ್ಕಳು ಕೈಯೊಡ್ಡುತ್ತಾರೆ.

ಇನ್ನೊಂದು ಮಾತು, ಬರೆಯಲು ಮನಸ್ಸು ಬಾರದಿದ್ದರೂ ಬರೆಯಲೇಬೇಕು. ಅಮೆರಿಕದ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ. 2018ರ ಜನವರಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ಮಾತಾಡಿದ ಮೇಲೆ ಅವನಿಗೆ 40ರಿಂದ 175 ವರ್ಷಗಳ ಸೆರೆ ವಿಧಿಸಲಾಯಿತು. ಕೆಲವು ಸಲ ತಾಯಿತಂದೆಯರು ಅದೇ ಕೋಣೆಯಲ್ಲಿದ್ದರು, ಅವರಿಗೆ ಕಾಣದಂತೆ ಅಡ್ಡ ನಿಲ್ಲುತ್ತಿದ್ದ. ಕೆಲವು ಮಕ್ಕಳು ದೊಡ್ಡವರಿಗೆ ಹೇಳಿದ್ದರು, ದೊಡ್ಡವರು ನಂಬಲಿಲ್ಲ. ಮಕ್ಕಳ ರಕ್ಷಣೆಗಾಗಿ ಸೇಫ್‌ಸ್ಪೋರ್ಟ್ ಕೇಂದ್ರ 2017ರಲ್ಲಿ ಕೆಲಸ ಆರಂಭಿಸಿತು. ದೊಡ್ಡವರೊಬ್ಬರು ಮಗುವಿನೊಡನೆ ಒಂಟಿಯಾಗಿದ್ದರೆ ಅದು ಇತರರ ಕಣ್ಣಿಗೆ ಬೀಳುವಂತಿರಬೇಕು, ಯಾರಾದರೂ ನಡುವೆ ಬರುವಂತಿರಬೇಕು ಎಂಬುದು ಅದರ ನಿಯಮ. ಕೋಚ್ ಮಗುವಿಗೆ ಖಾಸಗಿಯಾಗಿ ಸಂದೇಶ ಕಳಿಸುವಂತಿಲ್ಲ. ಜಿಮ್ ಆರಿಸುವಾಗ ಅಭ್ಯಾಸವನ್ನು ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ಬೇರೆ ಜಿಮ್ ನೋಡಿ. "ಕೋಚ್ ದೊಡ್ಡವರು, ಎದುರು ಮಾತಾಡಬೇಡ" ಎಂಬ ನಮ್ಮ ಗುರುಭಕ್ತಿಗೆ ಇಲ್ಲಿ ಒಂದು ಮಿತಿ ಇರಲಿ.

ಅವಸರವೂ ಬೇಡ. ಒಲಿಂಪಿಕ್ಸ್‌ಗೆ ಈಗ ಹದಿನಾರು ತುಂಬುವ ವರ್ಷಕ್ಕೆ ಮೊದಲು ಹುಡುಗಿಯರು ಹೋಗುವಂತಿಲ್ಲ. ಉಜ್ಬೆಕಿಸ್ತಾನದ ಒಕ್ಸಾನಾ ಚುಸೊವಿಟಿನಾ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 46ನೆಯ ವಯಸ್ಸಿನಲ್ಲಿ ವಾಲ್ಟ್ ಮಾಡಿದರು. ಅದೇ ಟೋಕಿಯೋದಲ್ಲಿ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ದಿಕ್ಕು ತಪ್ಪುತ್ತಿದೆ ಎಂದು ಅರಿತು, ತಂಡದ ಫೈನಲ್‌ನಿಂದ ಮಧ್ಯದಲ್ಲೇ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. "ಇವತ್ತು ಬೇಡ" ಎನ್ನುವುದು ಸೋಲಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಮಾವನವರಿಗೆ ನಾನು ಹೇಳಿದ್ದು ದೀಪಾ ಕರ್ಮಾಕರ್ ಕಥೆ. ಅಗರ್ತಲಾದ ಆ ಹುಡುಗಿ 2016ರ ರಿಯೋದಲ್ಲಿ ವಾಲ್ಟ್‌ನಲ್ಲಿ 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವಳಾದಾಗ ದೇಶಕ್ಕೆ ದೇಶವೇ ಸಂಭ್ರಮಿಸಿತಲ್ಲ! ಕಳೆದ ಅಂಕ ಬಿಟ್ಟು ಬಂದ ಅಂಕ ಎಣಿಸಲು ನಮ್ಮವರಿಗೆ ಬಾರದೇನೂ ಇಲ್ಲ. ಈಗ ಮಾವನವರು "ಇವತ್ತು ಹೊಸದೇನು ಕಲಿತೆ ಪುಟ್ಟಿ?" ಎಂದು ಆರಂಭಿಸುತ್ತಾರೆ. ಅಂಕ ಆಮೇಲೆ ಕೇಳುತ್ತಾರೆ, ಆದರೆ ಕೇಳಿಯೇ ಕೇಳುತ್ತಾರೆ.

ಖರ್ಚಿನ ಬಗ್ಗೆ ಚುಟುಕಾಗಿ: ತಿಂಗಳ ಫೀಸಲ್ಲದೆ ಲಿಯೋಟಾರ್ಡ್, ಮೀಟ್ ಪ್ರವೇಶ, ಹೋಟೆಲು ಎಲ್ಲ ಸೇರುತ್ತವೆ. ವರ್ಷದ ಒಟ್ಟು ಮೊತ್ತವನ್ನು ಮೊದಲೇ ಬರೆಸಿಕೊಳ್ಳಿ. ನಮ್ಮ ಮಗಳಿಗೆ ವಾರಕ್ಕೆ ಒಂಬತ್ತು ಗಂಟೆ ಅಭ್ಯಾಸ. ಮೀಟ್‌ಗಳು ಬರುವುದು ಶನಿವಾರ ಭಾನುವಾರಗಳಲ್ಲೇ. ಕನ್ನಡ ಶಾಲೆಯ ಗುರುಗಳಿಗೆ ಮುಂಚಿತವಾಗಿ ತಿಳಿಸಿದರೆ ಅವರು ಪಾಠವನ್ನು ಮನೆಗೆ ಕೊಟ್ಟು ಕಳಿಸುತ್ತಾರೆ.

ಕೆಮಿಸ್ಟ್ ಬರೆದ ಲೇಖನದಲ್ಲಿ ಒಂದಿಷ್ಟಾದರೂ ಕೆಮಿಸ್ಟ್ರಿ ಇರಬೇಡವೇ? ಮಕ್ಕಳು ಕೈಗೆ ಬಳಿದುಕೊಳ್ಳುವ ಬಿಳಿ ಪುಡಿ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವಲ್ಲ, ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರಿ ಹಿಡಿತ ಕೊಡುತ್ತದೆ, ಗರಡಿಮನೆಯ ಪೈಲ್ವಾನರು ಕೈಗೆ ಮಟ್ಟಿ ಹಚ್ಚಿಕೊಂಡ ಹಾಗೆ. ನೀರಿನಲ್ಲಿ ಅದು ಕರಗುವುದಿಲ್ಲ. ಆದ್ದರಿಂದ ಕಾರಿನ ಸೀಟನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ಸುಸ್ತಾಗಬೇಡಿ. ಮೊದಲು ಒಣ ಬ್ರಷ್ಷಿನಿಂದ ಕೊಡವಿ, ಉಳಿದದ್ದಕ್ಕೆ ನೀರು ಬೆರೆಸಿದ ವಿನೆಗರ್ ಹಚ್ಚಿ. ಸಣ್ಣಗೆ ನೊರೆಯೆದ್ದು ಕಲೆ ಬಿಡುತ್ತದೆ. ಸೀಟು ಚರ್ಮದ್ದಾದರೆ ಮಾತ್ರ ಒಣ ಬ್ರಷ್ಷಿನಲ್ಲೇ ನಿಲ್ಲಿಸಿ.