ಮನೆ ಮಾರೋರೇ, ‘ನಿಮ್ಮ ಕೈಗೆ ಎಷ್ಟು ಬರಬೇಕು’ ಅನ್ನೋ ಬ್ರೋಕರ್ ಹತ್ರ ಹುಷಾರು

ಚಿತ್ರದುರ್ಗ: ಮಕ್ಕಳು ಬೆಂಗಳೂರಲ್ಲಿ ಸೆಟ್ಲ್ ಆಗಿದ್ದಾರೆ, ಅಪ್ಪ-ಅಮ್ಮ ಕಟ್ಟಿಸಿದ ಮನೆಗೆ ಬೀಗ ಬಿದ್ದಿದೆ. ಬಾಡಿಗೆಗೆ ಕೊಟ್ಟರೆ ರಿಪೇರಿ ಖರ್ಚೇ ಜಾಸ್ತಿ, ಮಾರಿಬಿಡೋಣ ಅಂತ ಅಣ್ಣ-ತಮ್ಮಂದಿರು ತೀರ್ಮಾನ ಮಾಡ್ತಾರೆ. ಸುದ್ದಿ ಹೊರಗೆ ಬಿದ್ದ ಎರಡೇ ದಿನಕ್ಕೆ ಬ್ರೋಕರ್ ಫೋನ್ ಬರುತ್ತೆ. ಜೆಸಿಆರ್ ಬಡಾವಣೆ ಇರಲಿ, ಕೆಳಗೋಟೆ ಇರಲಿ, ಹಿರಿಯೂರಿನ ಹುಳಿಯಾರು ರಸ್ತೆ ಇರಲಿ, ಕೇಳೋ ಪ್ರಶ್ನೆ ಮಾತ್ರ ಒಂದೇ: ‘ನಿಮ್ಮ ಕೈಗೆ ಎಷ್ಟು ಬರಬೇಕು ಹೇಳಿ ಸಾರ್, ಮಿಕ್ಕಿದ್ದು ನಾನು ನೋಡ್ಕೋತೀನಿ.’

ಕೇಳೋಕೆ ಚೆನ್ನಾಗಿದೆ. ಕಮಿಷನ್ ಕೊಡೋ ತಲೆನೋವಿಲ್ಲ ಅನ್ಸುತ್ತೆ. ಆದರೆ ಮನೆ ಮಾರೋರು ಹೆಚ್ಚು ದುಡ್ಡು ಕಳ್ಕೊಳ್ಳೋದು ಇದೇ ಮಾತಿಗೆ ಹೂಂ ಅಂದಾಗ.

ಲೆಕ್ಕ ಹಾಕಿ ನೋಡಿ. ಮಾಲೀಕರು ‘ಕೈಗೆ 30 ಲಕ್ಷ ಬಂದರೆ ಸಾಕು’ ಅಂದರು ಅಂತಿಟ್ಕೊಳ್ಳಿ. ಬ್ರೋಕರ್ ಅದೇ ಮನೆಯನ್ನ 35 ಲಕ್ಷಕ್ಕೆ ಕುದುರಿಸಿದ. ಮೇಲಿನ 5 ಲಕ್ಷ ಅವನದು. ಅದೇ ಶೇ 2 ಕಮಿಷನ್ ಅಂತ ಮಾತಾಡಿದ್ದಿದ್ದರೆ 35 ಲಕ್ಷಕ್ಕೆ ಕೊಡಬೇಕಾಗಿದ್ದು 70 ಸಾವಿರ. ಕಮಿಷನ್ ಉಳಿಸೋಕೆ ಹೋಗಿ ನಾಲ್ಕು ಲಕ್ಷದ ಮೇಲೆ ಹೋಯ್ತು.

ಕಥೆ ಅಲ್ಲಿಗೆ ಮುಗಿಯಲ್ಲ. ಕೊಳ್ಳೋರು ಬ್ಯಾಂಕ್ ಸಾಲ ಮಾಡಿದ್ದರೆ ಕ್ರಯಪತ್ರದಲ್ಲಿ 35 ಲಕ್ಷ ಅಂತಲೇ ಬರೆಸ್ತಾರೆ. ದುಡ್ಡು ಮಾಲೀಕರ ಖಾತೆಗೇ ಬರುತ್ತೆ. ಆಮೇಲೆ ಬ್ರೋಕರ್ ‘ನಂದು 5 ಲಕ್ಷ ಕೊಡಿ’ ಅಂತ ಬಂದು ಕೂರ್ತಾನೆ. ಆದಾಯ ತೆರಿಗೆಯವರ ಲೆಕ್ಕದಲ್ಲಿ ಮಾಲೀಕರು ಮಾರಿದ್ದು 35 ಲಕ್ಷಕ್ಕೆ. ಬ್ರೋಕರ್ ರಸೀದಿ ಕೊಡದಿದ್ದರೆ ಆ 5 ಲಕ್ಷದ ಲಾಭಕ್ಕೂ ತೆರಿಗೆ ಇವರ ತಲೆಗೇ.

ಕಾನೂನು ಮಾಲೀಕರ ಕಡೆಗೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 216 ಪ್ರಕಾರ, ಏಜೆಂಟ್ ಆದವನು ಮಾಲೀಕನಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಆ ಲಾಭವನ್ನ ಮಾಲೀಕ ಕೇಳಬಹುದು. ಆದರೆ ‘ಮೇಲಿನದು ನಿಂದು’ ಅಂತ ಮೊದಲೇ ಬಾಯಿ ಬಿಟ್ಟು ಒಪ್ಪಿದ್ದರೆ ಆಮೇಲೆ ಯಾವ ಮುಖ ಇಟ್ಕೊಂಡು ಕೇಳೋದು?

ಹಂಗಾಗಿ ಬ್ರೋಕರ್ ಆರಿಸೋವಾಗ ಮೊದಲ ಪರೀಕ್ಷೆ ಇದು. ಕಮಿಷನ್ ಇಷ್ಟು ಪರ್ಸೆಂಟ್, ಕೊಳ್ಳೋರು ಕೊಡೋ ಪೂರ್ತಿ ಬೆಲೆ ನಮಗೆ ಗೊತ್ತಾಗಬೇಕು, ಮಾತುಕತೆಗೆ ಕೂತಾಗ ನಾವೂ ಇರ್ತೀವಿ ಅಂತ ಹೇಳಿ. ಒಪ್ಪಿದವನ ಹತ್ರ ಮುಂದುವರಿಯಿರಿ. ‘ಪಾರ್ಟಿ ಎದುರಿಗೆ ನೀವು ಬರಬೇಡಿ ಸಾರ್, ಡೀಲ್ ಕೆಡುತ್ತೆ’ ಅನ್ನೋನನ್ನ ಟೀ ಕುಡಿಸಿ ಕಳಿಸಿ. ಕಮಿಷನ್ ಇಷ್ಟೇ ಅಂತ ಕಾನೂನಲ್ಲಿ ಎಲ್ಲೂ ಇಲ್ಲ, ರೂಢಿಯಲ್ಲಿ ಶೇ 1ರಿಂದ 2 ನಡೆಯುತ್ತೆ. ಕೊಳ್ಳೋರ ಕಡೆಯಿಂದಲೂ ತಗೋತಾನಾ ಅಂತ ಕೇಳಿ ತಿಳ್ಕೊಳ್ಳಿ. ತಗೊಂಡರೆ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು.

ರೇರಾ ನಂಬರ್ ಇದ್ದರೆ ಸಾಕಾ?

ಕೆಲವರು ಕಾರ್ಡಲ್ಲೇ ರೇರಾ ನಂಬರ್ ಹಾಕಿಸ್ಕೊಂಡಿರ್ತಾರೆ. 2016ರ ರೇರಾ ಕಾಯ್ದೆಯಲ್ಲಿ ಏಜೆಂಟ್ ನೋಂದಣಿ ಕಡ್ಡಾಯ ಆಗೋದು ರೇರಾದಲ್ಲಿ ನೋಂದಾಯಿತ ಲೇಔಟ್, ಅಪಾರ್ಟ್‌ಮೆಂಟ್‌ಗಳನ್ನ ಡೆವಲಪರ್ ಪರವಾಗಿ ಮಾರಿಸೋವಾಗ. ದೊಡ್ಡಪೇಟೆಯ ಹಳೇ ಮನೆ, ಹೊಸದುರ್ಗದಲ್ಲಿ ಸ್ವಂತಕ್ಕೆ ಕಟ್ಟಿಸಿದ ಮನೆ ಮಾರಿಸೋಕೆ ಆ ನಂಬರ್ ಬೇಕೇಬೇಕು ಅಂತಿಲ್ಲ. ಇದ್ದರೆ ಒಳ್ಳೇದು, ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಬಹುದು. ಆದರೆ ನಂಬರ್ ಇದೆ ಅಂದ ಮಾತ್ರಕ್ಕೆ ಮನುಷ್ಯ ನೆಟ್ಟಗಿದ್ದಾನೆ ಅಂತಲ್ಲ.

ನಮ್ಮ ಕಡೆ ಬ್ರೋಕರ್ ಅಂದರೆ ಆಫೀಸು, ಬೋರ್ಡು ಇರಲೇಬೇಕಂತಿಲ್ಲ. ಸಿಮೆಂಟ್ ಅಂಗಡಿಯವರು, ಜೆರಾಕ್ಸ್ ಅಂಗಡಿಯವರು, ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯೋರು ಎಲ್ಲರೂ ಸೈಡಲ್ಲಿ ಇದೇ ಮಾಡ್ತಾರೆ. ಇವರಲ್ಲೇ ಎಷ್ಟೋ ಜನ ನಂಬಿಕಸ್ಥರು. ಊರು ಸಣ್ಣದು ಅನ್ನೋದೇ ಮಾರೋರಿಗಿರೋ ಅನುಕೂಲ. ‘ನೀವು ಕೊನೆಗೆ ಮಾರಿಸಿದ ಮೂರು ಮನೆ ಯಾವುವು’ ಅಂತ ಕೇಳಿ, ಆ ಮನೆ ಮಾರಿದವರನ್ನ ಹುಡುಕಿಕೊಂಡು ಹೋಗಿ ವಿಚಾರಿಸಿ. ಕೊಂಡವರನ್ನಲ್ಲ, ಮಾರಿದವರನ್ನ. ಹೇಳಿದ ಬೆಲೆ ಬಂತಾ, ಎಷ್ಟು ತಿಂಗಳು ಹಿಡೀತು, ಕೊನೇ ದಿನ ಏನಾದರೂ ಕ್ಯಾತೆ ತೆಗೆದನಾ?

ಬೆಲೆಗಿಂತ ಮೊದಲು ಪೇಪರ್

ಕೆಲಸ ಗೊತ್ತಿರೋ ಬ್ರೋಕರ್ ಮೊದಲು ಕೇಳೋದು ಪೇಪರ್. ಮನೆ ಯಾರ ಹೆಸರಲ್ಲಿದೆ, ಅಪ್ಪ ತೀರಿಕೊಂಡಿದ್ದರೆ ಖಾತೆ ಬದಲಾಗಿದೆಯಾ, ಹೆಣ್ಣುಮಕ್ಕಳೂ ಸಹಿ ಹಾಕ್ತಾರಾ, ಸಾಲ ಇದೆಯಾ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ಆದಮೇಲೆ ಮಗಳಿಗೂ ಮಗನಷ್ಟೇ ಹಕ್ಕು. ತಂಗಿ ಸಹಿ ಆಮೇಲೆ ನೋಡಿಕೊಂಡರಾಯ್ತು ಅನ್ನೋ ಬ್ರೋಕರ್ ನಿಮ್ಮನ್ನ ಕೋರ್ಟು ಮೆಟ್ಟಿಲು ಹತ್ತಿಸ್ತಾನೆ.

ಇ-ಖಾತಾ ಇನ್ನೊಂದು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗಲ್ಲ. ಚಿತ್ರದುರ್ಗ, ಹಿರಿಯೂರಲ್ಲಿ ನಗರಸಭೆ, ಹೊಸದುರ್ಗದಲ್ಲಿ ಪುರಸಭೆಗೆ ಹೋಗಿ ಮಾಡಿಸ್ಕೋಬೇಕು. ಊರಂಚಿನ ಮನೆ ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಇ-ಸ್ವತ್ತು. ಹೊಳಲ್ಕೆರೆಯಲ್ಲಿ ಮನೆ, ಮಾಲೀಕರು ಬೆಂಗಳೂರಲ್ಲಿ ಅಂದರೆ ಈ ಓಡಾಟಕ್ಕೆ ಬ್ರೋಕರ್ ಬೇಕಾಗ್ತಾನೆ ನಿಜ. ಅದಕ್ಕೆ ಬೇರೆ ದುಡ್ಡಾ, ಕಮಿಷನ್‌ನಲ್ಲೇ ಸೇರಿತಾ ಅಂತ ಮೊದಲೇ ಮಾತಾಡಿ. ಋಣಭಾರ ಪತ್ರ, ಅಂದರೆ ಇಸಿ, ಕಾವೇರಿ ಆನ್‌ಲೈನಲ್ಲೇ ಸಿಗುತ್ತೆ. ಸರ್ಕಾರದ ಮಾರ್ಗಸೂಚಿ ದರವೂ ಅಲ್ಲೇ ಇದೆ, ಇದಕ್ಕೆ ಯಾರಿಗೂ ಸಾವಿರಗಟ್ಟಲೆ ಕೊಡೋದು ಬೇಡ.

ಬ್ರೋಕರ್‌ಗೆ ಜೆರಾಕ್ಸ್ ಕೊಡಿ, ಒರಿಜಿನಲ್ ಕೊಡಬೇಡಿ. ‘ನೀವು ಪದೇ ಪದೇ ಬರೋದು ಕಷ್ಟ, ಒಂದು ಜಿಪಿಎ ಮಾಡ್ಕೊಡಿ’ ಅಂದರೆ ಅಲ್ಲೇ ನಿಲ್ಲಿಸಿ. ಜಿಪಿಎ ಮೇಲೆ ಮಾಡೋ ವ್ಯಾಪಾರದಿಂದ ಮಾಲೀಕತ್ವ ವರ್ಗಾವಣೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಆದರೆ ಜಿಪಿಎ ಹಿಡಿದವನು ನಿಮ್ಮ ಹೆಸರಲ್ಲಿ ಸಹಿ ಹಾಕಿ ಯಾರಿಗೆ, ಎಷ್ಟಕ್ಕೆ ಬೇಕಾದರೂ ಕ್ರಯ ಮಾಡಿಕೊಡಬಹುದು. ಬರೋಕೆ ಆಗದಿದ್ದರೆ ಮನೆಯವರಲ್ಲೇ ಒಬ್ಬರಿಗೆ ಅಧಿಕಾರ ಕೊಡಿ.

ಒಂದು ಲಕ್ಷದ ಕರಾರು

ಇನ್ನೊಂದು ಆಟ ಇದೆ. ಬ್ರೋಕರ್ ತಾನೇ ಒಂದೋ ಎರಡೋ ಲಕ್ಷ ಮುಂಗಡ ಕೊಟ್ಟು 11 ತಿಂಗಳಿಗೆ ಕ್ರಯದ ಕರಾರು ಬರೆಸ್ಕೋತಾನೆ, ಅದರಲ್ಲಿ ‘ನನಗೆ ಅಥವಾ ನಾನು ಸೂಚಿಸಿದವರಿಗೆ’ ಅನ್ನೋ ಸಾಲು ಸೇರಿಸ್ತಾನೆ. ಅಷ್ಟರಲ್ಲಿ ಹೆಚ್ಚಿನ ಬೆಲೆಗೆ ಪಾರ್ಟಿ ಸಿಕ್ಕರೆ ಲಾಭ ಅವನದು, ಸಿಗದಿದ್ದರೆ ಮನೆ ಅಷ್ಟು ದಿನ ಕಟ್ಟಿಹಾಕಿದ ಹಂಗೆ. ನಡುವೆ ಬೇರೆಯವರಿಗೆ ಮಾರೋಕೆ ಹೋದರೆ ಕರಾರು ಹಿಡಿದು ದಾವೆ ಹೂಡ್ತಾನೆ. ಕರಾರು ಏನಿದ್ದರೂ ನಿಜವಾಗಿ ಕೊಳ್ಳೋರ ಜೊತೆ ಮಾತ್ರ ಇರಲಿ. ಬ್ರೋಕರ್ ಜೊತೆ ಬೇಕಾಗಿರೋದು ಒಂದು ಪುಟದ ಒಪ್ಪಂದ: ಕಮಿಷನ್ ಎಷ್ಟು, ನೋಂದಣಿ ಆದ ದಿನವೇ ಕೊಡೋದು, ಮೂರು ತಿಂಗಳಲ್ಲಿ ಮಾರಾಟ ಆಗದಿದ್ದರೆ ಸಂಬಂಧ ಮುಗಿಯಿತು. ಮುಂಗಡ ತಗೊಳ್ಳೋ ಅಧಿಕಾರ ಅವನಿಗಿಲ್ಲ ಅನ್ನೋದನ್ನೂ ಬರೆಸಿ.

ಮುಂಗಡ ನಗದಲ್ಲಿ ಕೊಡಿಸ್ತೀನಿ ಅಂತಾನಾ? ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಂಗಿಲ್ಲ. ಸಿಕ್ಕಿಬಿದ್ದರೆ ದಂಡ ಬೀಳೋದು ತಗೊಂಡವರಿಗೆ, ಅಂದರೆ ಮಾರೋರಿಗೆ, ಅದೂ ತಗೊಂಡಷ್ಟೇ ಮೊತ್ತ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಜಾಗದ ಬಗ್ಗೆ, 75 ಲಕ್ಷ ನಗದು ಮುಂಗಡ ಕೊಟ್ಟಿದ್ದೀವಿ ಅಂತ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಆದೇಶ ಕೊಟ್ಟಿದೆ. 2 ಲಕ್ಷ ಅಥವಾ ಮೇಲ್ಪಟ್ಟ ನಗದಿನ ವಿಷಯ ದಾವೆಯಲ್ಲಿ ಬಂದರೆ ಕೋರ್ಟು, ನೋಂದಣಿಗೆ ಬಂದ ಪತ್ರದಲ್ಲಿ ಕಂಡರೆ ಸಬ್‌ರಿಜಿಸ್ಟ್ರಾರ್ ಅದನ್ನ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು.

ನಗದು ಆಸೆ ಹುಟ್ಟೋದು ನೋಂದಣಿ ಖರ್ಚಿನಿಂದ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಪಟ್ಟಣದಲ್ಲಿ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜ್ ಎಲ್ಲ ಸೇರಿ ಶೇ 7.6 ಆಗುತ್ತೆ. 35 ಲಕ್ಷದ ಮನೆಗೆ 2.66 ಲಕ್ಷ. ಇದು ರೂಢಿಯಲ್ಲಿ ಕೊಳ್ಳೋರ ಖರ್ಚು. ಅವರ ಖರ್ಚು ಉಳಿಸೋಕೆ ಮಾರೋರು ಯಾಕೆ ಪತ್ರದಲ್ಲಿ ಕಮ್ಮಿ ಬರೆಸಿ ಅಪಾಯ ಮೈಮೇಲೆ ಎಳ್ಕೋಬೇಕು?

ಬೆಲೆ ವಿಷಯದಲ್ಲಿ ಒಂದು ಮಾತು. ಎಲ್ಲರಿಗಿಂತ ಜಾಸ್ತಿ ಹೇಳಿದ ಬ್ರೋಕರ್‌ಗೇ ಮನೆ ಒಪ್ಪಿಸೋ ಅಭ್ಯಾಸ ಬಿಡಿ. ಮೆಡಿಕಲ್ ಕಾಲೇಜು ಬಂತು, ತುಮಕೂರು-ದಾವಣಗೆರೆ ರೈಲು ಬರುತ್ತೆ ಅಂತ ರೇಟು ಏರಿಸಿ ಹೇಳಿ ಮನೆ ತಗೋತಾನೆ, ಎರಡು ತಿಂಗಳಾದ ಮೇಲೆ ‘ಮಾರ್ಕೆಟ್ ಬಿದ್ದಿದೆ ಸಾರ್’ ಅಂತ ಇಳಿಸೋಕೆ ಶುರು. ಹಂಗಂತ ಐದು ಜನಕ್ಕೆ ಹೇಳಿದರೂ ಕೆಲಸ ಕೆಡುತ್ತೆ. ಒಂದೇ ಮನೆಗೆ ಐದು ರೇಟು ಓಡಾಡಿದರೆ ಕೊಳ್ಳೋರು ‘ಏನೋ ಲಿಟಿಗೇಶನ್ ಇರಬೇಕು’ ಅಂತಾರೆ. ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು, ಇಬ್ಬರಿಗೂ ಒಂದೇ ಬೆಲೆ ಹೇಳಿ.